ಯಾವ ಗ್ಯಾಸ್ ಅನ್ನೋದಕ್ಕಿಂತ ಮೊದಲು ಎಷ್ಟು ಗ್ಯಾಸ್ ಅಂತ ನೋಡಿ

ಲೇಸರ್‌ನಿಂದ ಹೆಚ್ಚಿನ ಶಕ್ತಿಯ ಮಟ್ಟಕ್ಕೆ ಏರಿಸಿದ ಅಯೋಡಿನ್ ಅಣುವಿನ ತಿರುಗುವಿಕೆಯನ್ನು ನಿಧಾನ ಮಾಡೋಕೆ ಹೀಲಿಯಂ ಹಾಕಬೇಕೋ ಆರ್ಗಾನ್ ಹಾಕಬೇಕೋ ಅಂತ ಕೇಳಿದ್ದೀರಿ. ನಾನು ಪಿಎಚ್‌ಡಿ ಶುರು ಮಾಡಿದ್ದೂ ಇದೇ ಪ್ರಶ್ನೆಯಿಂದ.

532 ನ್ಯಾನೋಮೀಟರಿನ ಹಸಿರು ಲೇಸರನ್ನು ಅಯೋಡಿನ್ ಹೀರಿಕೊಳ್ಳುವ ಸರಿಯಾದ ಗೆರೆಗೆ ಟ್ಯೂನ್ ಮಾಡಿದರೆ, ಮೇಲೆ ಏರಿದ ಅಣುಗಳೆಲ್ಲ ಜೆ = 57 ಎಂಬ ಒಂದೇ ಮಟ್ಟದಲ್ಲಿ ತಿರುಗುತ್ತಿರುತ್ತವೆ (ಜೆ ಅಂದರೆ ಅಣು ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಹೇಳುವ ಕ್ವಾಂಟಂ ಸಂಖ್ಯೆ). ಅವು ಸೂಸುವ ಬೆಳಕು ಸ್ಪೆಕ್ಟ್ರಂನಲ್ಲಿ ಜೋಡಿ ಜೋಡಿ ಗೆರೆಗಳಾಗಿ ಬೀಳುತ್ತದೆ. ನಾನು ಸೆಲ್‌ಗೆ, ಅಂದರೆ ಅಯೋಡಿನ್ ಆವಿ ತುಂಬಿದ ಗಾಜಿನ ಪಾತ್ರೆಗೆ, ಐದಾರು ಟಾರ್ (ಟಾರ್ ಒತ್ತಡದ ಅಳತೆ) ಆರ್ಗಾನ್ ಬಿಟ್ಟೆ. ಬೆಳಕು ಮಂಕಾಯಿತು, ಜೋಡಿಗಳ ಸುತ್ತ ಗೆರೆಗಳು ತುಂಬಿಕೊಂಡು ಪಟ್ಟಿಯೇ ಆಗಿಹೋಯಿತು. ಒಂದೇ ಡಿಕ್ಕಿಗೆ ಅಣು ಎಲ್ಲ ಮಟ್ಟಗಳಿಗೂ ಚದುರುತ್ತೆ ಅಂದುಕೊಂಡು ಇಡೀ ಅಧ್ಯಾಯ ಬರೆದೆ. ಆಮೇಲೆ ಅದನ್ನು ಪೂರ್ತಿ ಕಿತ್ತುಹಾಕಬೇಕಾಯಿತು.

ಲೆಕ್ಕ ಸುಲಭವಾಗಿತ್ತು, ನಾನು ಮಾಡಿರಲಿಲ್ಲ ಅಷ್ಟೇ. ಏರಿದ ಅಯೋಡಿನ್ ಅಣು ಬೆಳಕು ಬಿಟ್ಟು ಇಳಿಯೋಕೆ ಸುಮಾರು ಒಂದು ಮೈಕ್ರೋಸೆಕೆಂಡ್ ತಗೊಳ್ಳುತ್ತದೆ. ಒಂದು ಟಾರ್ ಒತ್ತಡದಲ್ಲಿ ಸುಮಾರು 100 ನ್ಯಾನೋಸೆಕೆಂಡಿಗೊಂದು ಡಿಕ್ಕಿ. ಅಂದರೆ ಇಳಿಯುವ ಮೊದಲೇ ಹತ್ತು ಡಿಕ್ಕಿ. ಐದು ಟಾರ್ ಆದರೆ ಐವತ್ತರ ಹತ್ತಿರ! ಅಷ್ಟು ಪೆಟ್ಟು ತಿಂದ ಮೇಲೆ ಯಾವ ಗ್ಯಾಸ್ ಹಾಕಿದರೂ ಚಿತ್ರ ಹೆಚ್ಚುಕಮ್ಮಿ ಒಂದೇ. ಮೊದಲ ಡಿಕ್ಕಿ ಏನು ಮಾಡಿತು ಅನ್ನೋದು ಅದರಲ್ಲಿ ಹೂತುಹೋಗಿರುತ್ತದೆ.

ಒತ್ತಡವನ್ನು 0.1 ಟಾರ್‌ಗಿಂತ ಕೆಳಗಿಳಿಸಿದಾಗ ನಿಜವಾದ ಚಿತ್ರ ಕಂಡಿತು. ಜೆ = 57ರ ಗೆರೆಗಳ ಅಕ್ಕಪಕ್ಕ 55, 59ರ ಗೆರೆಗಳು. ಆಚೆ 53, 61, ಸ್ವಲ್ಪ ಮಂಕಾಗಿ. 56, 58 ಇಲ್ಲವೇ ಇಲ್ಲ. ಅಯೋಡಿನ್ನಿನ ಎರಡು ಪರಮಾಣುಗಳೂ ಒಂದೇ ಥರ ಇರೋದರಿಂದ, ಡಿಕ್ಕಿಯಲ್ಲಿ ಜೆ ಸಮಸಂಖ್ಯೆಯಷ್ಟು ಮಾತ್ರ ಬದಲಾಗುತ್ತದೆ. ಸೆಲ್ಲಿನಲ್ಲಿ ಇದನ್ನು ಕಣ್ಣಾರೆ ನೋಡೋದಿದೆಯಲ್ಲ, ಆ ಖುಷಿಯೇ ಬೇರೆ. 1911ರಲ್ಲಿ ಭೌತವಿಜ್ಞಾನಿಗಳಾದ ವುಡ್ ಮತ್ತು ಫ್ರಾಂಕ್ ಇದೇ ಅಯೋಡಿನ್‌ಗೆ ಹೀಲಿಯಂ ಬೆರೆಸಿ, ಗೆರೆಗಳು ಪಟ್ಟಿಯಾಗೋದನ್ನು ನೋಡಿದ್ದರು. ಆಗಿನ್ನೂ ಕ್ವಾಂಟಂ ಮೆಕ್ಯಾನಿಕ್ಸ್ ಹುಟ್ಟಿರಲಿಲ್ಲ.

59 ಕೂಡ ಇತ್ತು ಅನ್ನೋದನ್ನು ಗಮನಿಸಿ. ಡಿಕ್ಕಿ ಅಂದರೆ ಬ್ರೇಕ್ ಅನ್ನೋ ನಿಮ್ಮ ಲೆಕ್ಕವೇ ತಪ್ಪು. 57ರಿಂದ 59ಕ್ಕೆ ಬೇಕಾದ ಶಕ್ತಿ ಐದಾರು ವೇವ್‌ನಂಬರ್ (ಸ್ಪೆಕ್ಟ್ರಂ ಕೆಲಸದಲ್ಲಿ ಶಕ್ತಿ ಅಳೆಯುವ ಮಾನ). ಕೋಣೆಯ ಉಷ್ಣತೆಯಲ್ಲಿ ಡಿಕ್ಕಿ ಹೊಡೆಯುವ ಪರಮಾಣುವಿನ ಹತ್ತಿರ ಇನ್ನೂರಕ್ಕೂ ಜಾಸ್ತಿ ಇರುತ್ತದೆ. ಹಾಗಾಗಿ ಮೇಲೆ ಹೋಗೋದೂ ಕೆಳಗೆ ಬರೋದೂ ಹೆಚ್ಚುಕಮ್ಮಿ ಅಷ್ಟೇ ಸುಲಭ.

ಗ್ಯಾಸ್ ವಿಷಯಕ್ಕೆ ಬಂದರೆ, ಹೀಲಿಯಂನಿಂದಲೇ ಶುರು ಮಾಡಿ. ಅದು ಹಗುರ, ಒಂದು ಪೆಟ್ಟಿಗೆ ಜೆಯನ್ನು ತುಂಬಾ ದೂರ ತಳ್ಳಲ್ಲ. ಆರ್ಗಾನ್ ದೂರ ತಳ್ಳುತ್ತದೆ, ಜೊತೆಗೆ ಏರಿದ ಅಣುವನ್ನು ಒಡೆದೂ ಹಾಕುತ್ತದೆ. ನನ್ನ ಬೆಳಕು ಮಂಕಾಗಿದ್ದು ಅದಕ್ಕೇ. ಅಯೋಡಿನ್ ಇರುವ ಪಕ್ಕದ ಕೊಳವೆಯನ್ನು ಐಸ್‌ನಲ್ಲಿಡಿ, ಇಲ್ಲಾಂದ್ರೆ ಅಯೋಡಿನ್ ಅಣುಗಳೇ ಪರಸ್ಪರ ಡಿಕ್ಕಿ ಹೊಡೆದು ಅಕ್ಕಪಕ್ಕದ ಗೆರೆಗಳನ್ನು ತರುತ್ತವೆ. ಆಮೇಲೆ ಪಕ್ಕದ ಗೆರೆ ಮುಖ್ಯ ಗೆರೆಯ ಎಷ್ಟು ಪಾಲು ಅಂತ ಒತ್ತಡದ ಎದುರು ಗ್ರಾಫ್ ಹಾಕಿ. ಅದು ನೇರವಾಗಿ ಏರುವಷ್ಟು ಭಾಗವನ್ನು ಮಾತ್ರ ಬಳಸಿ. ಬಾಗಲು ಶುರುವಾದ ಕಡೆಯಿಂದ ಆಚೆಗಿನದ್ದನ್ನು ಬಿಟ್ಟುಬಿಡಿ.