ವಾರಕ್ಕೊಂದು ಹಾಡು ಆಗುತ್ತದೆ, ಆದರೆ ಕರು ಕಾರಾಗದಂತೆ ನೋಡಿಕೊಳ್ಳಿ

ನೀವು ಕೇಳಿರೋದು ಇಷ್ಟು: ಕೆಲಸಕ್ಕೆ ಹೋಗುತ್ತೀರಿ, ಗಿಟಾರ್ ಸುಮಾರಾಗಿ ಬರುತ್ತದೆ, ವಾರಕ್ಕೊಂದು ಸ್ವಂತ ಹಾಡು ಬರೆದು ರೆಕಾರ್ಡ್ ಮಾಡಬೇಕು ಅಂತ ಆಸೆ, ಇದು ಆಗೋ ಮಾತಾ, ಮೊದಲು ಒಳ್ಳೇ ಮೈಕ್ ತಗೋಬೇಕಾ ಅಂತ.

ನಾನು ಚಿಕ್ಕಮಗಳೂರಿನವನು. ಒಂದು ವರ್ಷ ನನಗೂ ಇದೇ ಹುಚ್ಚು ಹಿಡಿದಿತ್ತು. 52 ವಾರಕ್ಕೆ 43 ಹಾಡು ಆದವು. ಈಗ ಕೇಳಿದರೆ ನಾಚಿಕೆ ಆಗದಂಥವು ಅದರಲ್ಲಿ ಆರೋ ಏಳೋ ಇರಬಹುದು. ಹಾಗಾಗಿ ಉತ್ತರ, ಆಗುತ್ತದೆ. ಮೈಕ್ ವಿಷಯ ಕೊನೆಗೆ ಹೇಳುತ್ತೇನೆ, ಅಲ್ಲಿ ನಾನು ದುಡ್ಡು ಕಳೆದುಕೊಂಡಿದ್ದೇನೆ.

ಇದನ್ನು ಮಾಡಿ ಹೆಸರಾದವರು ಅಮೆರಿಕದ ಜೊನಾಥನ್ ಕೌಲ್ಟನ್. 2005ರಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಒಂದು ವರ್ಷ ವಾರಕ್ಕೊಂದರಂತೆ ಹಾಡು ಹಾಕಿದರು. ಕೆಲಸ ಬಿಟ್ಟು, ನೆನಪಿರಲಿ. ಇನ್ನು ಫೆಬ್ರವರಿಯ 28 ದಿನದಲ್ಲಿ 14 ಹಾಡು ಬರೆಯೋ ಒಂದು ಪಂಥವೂ 2004ರಿಂದ ಅಲ್ಲಿ ನಡೆಯುತ್ತಿದೆ. ಫೆಬ್ರವರಿಯಂತೆ! ನಾನು ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸೋ ಕಾರ್ಖಾನೆ, ಅಂದರೆ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯೋನು, ಆ ಹೊತ್ತಿಗೆ ಅರೇಬಿಕಾ ಮೂಟೆ ಬಂದು ಬಿದ್ದಿರುತ್ತವೆ, ತೋಟಗಳಲ್ಲಿ ರೊಬಸ್ಟಾ ಕೊಯ್ಲು ನಡೆದಿರುತ್ತದೆ, ನಮಗೆ ಊಟಕ್ಕೇ ಪುರುಸೊತ್ತು ಇರೋದಿಲ್ಲ. ನಾನು ತಪ್ಪಿಸಿದ ಒಂಬತ್ತು ವಾರದಲ್ಲಿ ಆರು ಆ ಸೀಸನ್ನಿನವೇ. ನಿಮ್ಮ ಕೆಲಸದಲ್ಲೂ ಇಂಥ ತಿಂಗಳು ಇದ್ದೇ ಇರುತ್ತದೆ, ಅದು ಮುಗಿದ ಮೇಲೆ ಶುರು ಮಾಡಿ.

ಈಗ ನಿಜವಾದ ಕಷ್ಟ. ಟ್ಯೂನ್ ಹೇಗೋ ಸಿಗುತ್ತದೆ. ಸ್ಕೂಟರ್ ಓಡಿಸುವಾಗ, ಸ್ನಾನ ಮಾಡುವಾಗ ಏನೋ ಒಂದು ಬಾಯಿಗೆ ಬರುತ್ತದೆ, ತನನ ಅಂತ ಫೋನಿಗೆ ಹಾಡಿ ಇಟ್ಟುಕೊಂಡರೆ ಆಯಿತು. ನನ್ನ ವಾರಗಳು ಹಾಳಾಗಿದ್ದು ಆ ತನನದ ಮೇಲೆ ಕನ್ನಡ ಕೂರಿಸುವಾಗ.

ಏಳನೇ ವಾರ ಇರಬೇಕು. ತೋಟದಲ್ಲಿ ತಪ್ಪಿಸಿಕೊಂಡ ಒಂದು ಕರುವಿನ ಮೇಲೆ ಹಾಡು ಮಾಡಿದೆ. ಪಲ್ಲವಿಯ ಮೊದಲ ಸ್ವರವನ್ನೇ ಉದ್ದಕ್ಕೆ ಎಳೆಯೋ ಟ್ಯೂನು, ಅಲ್ಲಿಗೆ 'ಕರು' ಅಂತ ಇಟ್ಟೆ. ಎರಡು ರಾತ್ರಿ ಕೂತು ಮುಗಿಸಿ ಅಮ್ಮನಿಗೆ ಕೇಳಿಸಿದೆ. ಅಮ್ಮ ಪೂರ್ತಿ ಕೇಳಿದರು, ತಲೆಯನ್ನೂ ಆಡಿಸಿದರು. ಆಮೇಲೆ "ಚೆನ್ನಾಗಿದೆ ಕಣೋ, ಆದ್ರೆ ಕಾರು ಯಾಕೆ ಅಂಬಾ ಅನ್ನುತ್ತೆ?" ಅಂದರು.

ನಮ್ಮ ಭಾಷೆಯಲ್ಲಿ ಹ್ರಸ್ವವನ್ನು ಎಳೆದರೆ ಬೇರೆ ಪದವೇ ಆಗಿಬಿಡುತ್ತದೆ. ಕರು ಕಾರು, ಮಲೆ ಮಾಲೆ, ನಡು ನಾಡು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಲಘು ಗುರು ಗುರುತಿಸುತ್ತಿದ್ದೆವಲ್ಲ, ಮಾರ್ಕ್ಸಿಗೆ ಕಲಿತು ಪರೀಕ್ಷೆ ಮುಗಿದ ದಿನವೇ ಮರೆತದ್ದು, ಅದನ್ನು ಮತ್ತೆ ತೆಗೆಯಿರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ ಗುರು, ಸೊನ್ನೆ ಇದ್ದರೆ ಗುರು, ಒತ್ತಕ್ಷರದ ಹಿಂದಿನದೂ ಗುರು. ಆದರೆ ಹಾಡುವವರಿಗೆ ಇನ್ನೊಂದು ತೊಡಕಿದೆ, ಇದು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ: 'ಸದ್ದು' ಅನ್ನೋದರಲ್ಲಿ ಸ ಲೆಕ್ಕಕ್ಕೆ ಗುರುವೇ, ಎಳೆಯೋಕೆ ಹೋದರೆ ಮಾತ್ರ 'ಸಾದ್ದು' ಆಗುತ್ತದೆ. ಟ್ಯೂನ್ ಎಲ್ಲಿ ನಿಲ್ಲುತ್ತದೋ ಅಲ್ಲಿ ದೀರ್ಘವೇ ಬರಬೇಕು. ನಾನು 'ಕರುವೇ' ಅಂತ ಮಾಡಿ, ಕ ಮತ್ತು ರು ಎರಡನ್ನೂ ತಾಳ ಬೀಳೋ ಮೊದಲೇ ಚಿಕ್ಕದಾಗಿ ಹೇಳಿ, ವೇ ಮೇಲೆ ಎಳೆದೆ. ಅಮ್ಮ ಪಾಸ್ ಮಾಡಿದರು.

ಇದಾದ ಮೇಲೆ ಕೆಲಸವನ್ನೇ ಉಲ್ಟಾ ಮಾಡಿಕೊಂಡೆ. ಮೊದಲು ಒಂದು ಸಾಲು, ಅದರ ನಡಿಗೆ ನೋಡಿ ತಾಳ, ಆಮೇಲೆ ಟ್ಯೂನ್. ಒಂದು ಸಂಜೆ 'ಮಳೆಯು ನಿಂತ ಮೇಲೆ ಕೂಡ ಮರದ ಕೆಳಗೆ ಮಳೆಯ ಸದ್ದು' ಅಂತ ಬಂತು. ಎಣಿಸಿ ನೋಡಿ, ಎಲ್ಲ ಪದಕ್ಕೂ ಮೂರು ಮೂರು ಮಾತ್ರೆ. ಆರು ಮಾತ್ರೆಯ ದಾದ್ರಾ ತಾಳ ತಾನಾಗೇ ಕೂತಿತು, ಗಿಟಾರಿನವರ ಲೆಕ್ಕದಲ್ಲಿ ಸಿಕ್ಸ್-ಎಯ್ಟ್. ಊಟಕ್ಕೆ ಕರೆಯೋ ಹೊತ್ತಿಗೆ ಪಲ್ಲವಿ ಮುಗಿದಿತ್ತು. ಅದಕ್ಕೂ ಮುಂಚೆ 'ಮಲೆನಾಡು' ಅನ್ನೋ ಪದವನ್ನು ನಾಲ್ಕರ ನಡೆಗೆ ತುರುಕೋಕೆ ಇಡೀ ವಾರ ಒದ್ದಾಡಿದ್ದೆ. ಅದಕ್ಕಿರೋದು ಐದು ಮಾತ್ರೆ. ಐದರ ತಾಳವಾದ ಖಂಡಚಾಪುವಿಗೆ ಹಾಕಿದ್ದರೆ ಅವತ್ತೇ ಮುಗಿಯುತ್ತಿತ್ತು.

ಬರೆಯೋಕೆ ಬುಧವಾರದವರೆಗೆ ಟೈಮ್ ಕೊಟ್ಟುಕೊಳ್ಳಿ. ಗುರುವಾರ ಸುಮ್ನೆ ಹಾಡಿಕೊಂಡು ಓಡಾಡಿ, ನಾಲಿಗೆ ತೊಡರೋ ಪದ ಅವತ್ತೇ ಸಿಕ್ಕಿಬೀಳುತ್ತದೆ. ರೆಕಾರ್ಡಿಂಗ್ ಎಷ್ಟು ಚಿಕ್ಕದಾಗಿದ್ದರೆ ಅಷ್ಟು ಒಳ್ಳೆಯದು: ಒಂದು ದನಿ, ಒಂದು ಗಿಟಾರ್, ಮೂರು ಟೇಕ್, ಅದರಲ್ಲಿ ಒಂದು. ಕೋರಸ್ ಸೇರಿಸೋಣ, ತಬಲಾ ಲೂಪ್ ಹಾಕೋಣ ಅಂತ ಹೊರಟ ವಾರಗಳಲ್ಲಿ ಭಾನುವಾರ ರಾತ್ರಿ ಎರಡು ಗಂಟೆವರೆಗೆ ಎಡಿಟ್ ಮಾಡಿ, ಸೋಮವಾರ ಆಫೀಸಿನಲ್ಲಿ ಮೂಟೆ ಲೆಕ್ಕ ತಪ್ಪಿಸಿ ಬೈಸಿಕೊಂಡಿದ್ದೇನೆ. ಸಾಫ್ಟ್‌ವೇರ್‌ಗೆ ಆಡಾಸಿಟಿ ಸಾಕು, ಬಿಟ್ಟಿ. ಲೆವೆಲ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗೆ ಇರಲಿ, ಕೆಂಪಿಗೆ ಹೋದರೆ ಆಮೇಲೆ ಸರಿ ಮಾಡೋಕಾಗಲ್ಲ. ನಾನು ಹಾಡುತ್ತಿದ್ದದ್ದು ಬೆಳಗ್ಗೆ ನಾಲ್ಕೂವರೆಗೆ. ರಸ್ತೆಯಲ್ಲಿ ಗಾಡಿ ಇಲ್ಲ, ಯಾರ ಮನೆಯಲ್ಲೂ ಮಿಕ್ಸಿ ಇಲ್ಲ. ಆದರೆ ಆ ಹೊತ್ತಿಗೆ ದನಿ ತಗ್ಗಿರುತ್ತದೆ, ಸಂಜೆ ಹಾಡಿದ ಶ್ರುತಿ ಹಿಡಿಯಬೇಡಿ, ಒಂದು ಮನೆ, ಅಂದರೆ ಅರ್ಧ ಸ್ವರ, ಕೆಳಗೆ ಇಳಿಸಿ.

ಇನ್ನು ಮೈಕ್. ವಿಡಿಯೋಗಳನ್ನು ನೋಡಿ ಮೊದಲ ತಿಂಗಳೇ, ಸಣ್ಣ ಸದ್ದನ್ನೂ ಹಿಡಿಯೋ ಕಂಡೆನ್ಸರ್ ಮೈಕ್ ತಗೊಂಡೆ. ಅದಕ್ಕೆ ಕೇಬಲಿನಲ್ಲೇ ಹೋಗೋ 48 ವೋಲ್ಟ್ ಕರೆಂಟು, ಅಂದರೆ ಫ್ಯಾಂಟಮ್ ಪವರ್ ಬೇಕಲ್ಲ, ಅದಕ್ಕಂತ ಮೈಕನ್ನು ಕಂಪ್ಯೂಟರಿಗೆ ಜೋಡಿಸೋ ಇಂಟರ್‌ಫೇಸೂ ಬಂತು. ನಾನಿರೋದು ಮಹಡಿ ಮೇಲಿನ ಕೋಣೆ, ಮೇಲೆ ತಗಡಿನ ಶೀಟು. ಜೂನ್ ಬಂತು. ಮಳೆ ಸದ್ದು ಇದ್ದರೆ ಹಾಡಿಗೆ ಕಳೆ ಅಲ್ವಾ ಅಂತ ಗೆಳೆಯರು ಹೇಳಿದರು. ಕಳೆಯೂ ಇಲ್ಲ ಏನೂ ಇಲ್ಲ, ಶೀಟಿನ ಮೇಲಿನ ಮಳೆ ರೆಕಾರ್ಡಿಂಗಿನಲ್ಲಿ ಹಪ್ಪಳ ಕರಿದ ಹಾಗೆ ಕೇಳುತ್ತದೆ. ಕೊನೆಗೆ ಗೆಳೆಯನೊಬ್ಬನ ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯೋ ಹಳೇ ಡೈನಮಿಕ್ ಮೈಕ್ ತಂದು, ಬಾಯಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ಹಾಡಿದೆ. ಮೈಕಿನ ದೂರ ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಜಾಸ್ತಿ ಬೀಳುತ್ತದೆ, ಮಳೆ ಇದ್ದಷ್ಟೇ ಇರುತ್ತದೆ. ಹಪ್ಪಳ ಪೂರ್ತಿ ಹೋಗಲಿಲ್ಲ, ಪಕ್ಕದ ಮನೆಯ ಹಪ್ಪಳ ಆಯಿತು. ಜುಲೈನಲ್ಲಿ ಎರಡು ದಿನ ಕರೆಂಟೇ ಇಲ್ಲದಾಗ ಕಂಬಳಿ ಹೊದ್ದು ಫೋನಿಗೇ ಹಾಡಿ ಹಾಕಿದ್ದೂ ಇದೆ. ಡಬ್ಬದೊಳಗೆ ಕೂತು ಹಾಡಿದಂತಿತ್ತು, ಆದರೂ ವಾರ ತಪ್ಪಲಿಲ್ಲ.

ಆದ್ದರಿಂದ ಹತ್ತು ಹಾಡು ಫೋನಿನಲ್ಲೇ ಮಾಡಿ, ಹನ್ನೊಂದನೆಯದಕ್ಕೆ ಮೈಕ್ ಯೋಚಿಸಿ. ಕಂಡೆನ್ಸರೇ ಬೇಕು ಅಂತಿದ್ದರೆ ನನ್ನದು ಡಬ್ಬದಲ್ಲೇ ಇದೆ, ಬೂಷ್ಟು ಹಿಡಿಯದ ಹಾಗೆ ಸಿಲಿಕಾ ಪೊಟ್ಟಣ ಹಾಕಿಟ್ಟಿದ್ದೇನೆ. ಅರ್ಧ ಬೆಲೆಗೆ ಕೊಡುತ್ತೇನೆ. ನಿಮ್ಮ ಮನೆಗೆ ಆರ್‌ಸಿಸಿ ತಾರಸಿ ಇದ್ದರೆ ಮಾತ್ರ.