ವಕೀಲರ ‘ವೃತ್ತಿ ದುರ್ನಡತೆ’ ಅಂದ್ರೆ ಏನು? ಕೇಸ್ ಸೋತರೂ ಅದು ಸೇರುತ್ತಾ?

ಇಲ್ಲ, ಬರೀ ಸೋಲು ದುರ್ನಡತೆ ಆಗುವುದಿಲ್ಲ. ವೃತ್ತಿಯ ನಿಯಮ ಮುರಿದಾಗ, ಕಕ್ಷಿದಾರರ ನಂಬಿಕೆಗೆ ದ್ರೋಹ ಮಾಡಿದಾಗ ಈ ಮಾತು ಬಳಸುತ್ತಾರೆ. ಗೋಕಾಕದ ರೈತರೊಬ್ಬರ ಜಮೀನಿನ ಪರಿಹಾರದ ಹಣ ವಕೀಲರ ಕೈಗೆ ಬಂತು ಅಂದುಕೊಳ್ಳಿ. ‘ಇನ್ನೂ ಬಂದಿಲ್ರಿ ಯಜಮಾನ್ರ’ ಅಂತ ಹೇಳಿ ತಾವೇ ಇಟ್ಟುಕೊಂಡರೆ ಅದು ದುರ್ನಡತೆ, ಅನುಮಾನವೇ ಬೇಡ. ‘ಗೆದ್ದರೆ ಪರಿಹಾರದಲ್ಲಿ ಇಷ್ಟು ಪಾಲು ನನಗೆ’ ಅಂತ ಫೀಸು ಮಾತಾಡುವುದೂ ನಿಯಮಕ್ಕೆ ವಿರುದ್ಧ. ಎಷ್ಟೋ ಜನ ಇದನ್ನು ಮಾಮೂಲಿ ಅಂತ ಒಪ್ಪಿಬಿಡುತ್ತಾರೆ. ದಯವಿಟ್ಟು ಒಪ್ಪಬೇಡಿ.

ದೂರನ್ನು ಬೆಳಗಾವಿಯ ವಕೀಲರ ಸಂಘಕ್ಕಲ್ಲ, ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ಛೀಮಾರಿ, ಅಮಾನತು, ತೀರಾ ಗಂಭೀರವಾದರೆ ಸನ್ನದು (ವಕೀಲಿಕೆ ಮಾಡುವ ಪರವಾನಗಿ) ರದ್ದು ಕೂಡ ಆಗಬಹುದು. ವಕಾಲತ್ತಿನ (ಕೇಸ್ ನಡೆಸಲು ವಕೀಲರಿಗೆ ಬರೆದುಕೊಟ್ಟ ಅಧಿಕಾರ ಪತ್ರ) ನಕಲು, ಹಣದ ರಸೀದಿ ದೂರಿನ ಜೊತೆಗಿಡಿ.