ಫಾರ್ಮಕಾಲಜಿ ಪ್ರೊಫೆಸರ್ ಆಗಿದ್ದ ಅಜ್ಜನ ಕಾಗದಪತ್ರಗಳಲ್ಲಿ ಏನನ್ನು ಉಳಿಸಬೇಕು?

ಅಜ್ಜ ಮೆಡಿಕಲ್ ಕಾಲೇಜಿನಲ್ಲಿ ಫಾರ್ಮಕಾಲಜಿ, ಅಂದರೆ ಔಷಧ ದೇಹದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬ ಶಾಸ್ತ್ರ, ಕಲಿಸುತ್ತಿದ್ದರು, ತೀರ್ಥಹಳ್ಳಿ ಮನೆಯ ಅಟ್ಟದ ಮೇಲೆ ಅವರ ಟ್ರಂಕ್ ಇದೆ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದ್ದೀರಿ. ದಯವಿಟ್ಟು ಯಾವುದನ್ನೂ ಗುಜರಿಗೆ ಹಾಕಬೇಡಿ.

ಮೊದಲು ಕಪ್ಪು ಕಾಗದದ ಸುರುಳಿಗಳನ್ನು ಹುಡುಕಿ. ಆಗ ಕೈಮೋಗ್ರಾಫ್ ಎಂಬ ತಿರುಗುವ ಡ್ರಮ್ಮಿಗೆ ನುಣುಪು ಕಾಗದ ಸುತ್ತಿ, ಹೊಗೆ ಹಿಡಿಸಿ ಮಸಿ ಕೂರಿಸುತ್ತಿದ್ದರು. ಕಪ್ಪೆಯ ಹೃದಯ ಬಡಿದಾಗೆಲ್ಲ ಅದಕ್ಕೆ ದಾರದಲ್ಲಿ ಕಟ್ಟಿದ ಕಡ್ಡಿ ಮಸಿ ಕೆರೆದು ಬಿಳಿ ಗೆರೆ ಎಳೆಯುತ್ತಿತ್ತು. ಬಡಿತ ಜೋರು ಮಾಡುವ ಅಡ್ರಿನಲಿನ್ ಹಾಕಿದರೆ ಗೆರೆ ಎತ್ತರ, ಬಡಿತ ತಗ್ಗಿಸುವ ಅಸಿಟೈಲ್‌ಕೋಲಿನ್ ಹಾಕಿದರೆ ಗಿಡ್ಡ. ಆಮೇಲೆ ವಾರ್ನಿಶ್‌ನಲ್ಲಿ ಅದ್ದಿ ಒಣಗಿಸುತ್ತಿದ್ದರು. ಅಂಚಿನಲ್ಲಿ ಅಜ್ಜನ ಕೈಬರಹದ ತಾರೀಖು, ಡೋಸ್ ಇದ್ದರಂತೂ ಅದಕ್ಕೆ ಬೆಲೆ ಕಟ್ಟಲಾಗದು. ಈಗಿನ ವಿದ್ಯಾರ್ಥಿಗಳು ಇದನ್ನು ಹೆಚ್ಚಾಗಿ ಕಂಪ್ಯೂಟರಿನಲ್ಲೇ ನೋಡುತ್ತಾರೆ.

ನಂತರ ಲ್ಯಾಬ್ ನೋಟ್‌ಬುಕ್, ಪತ್ರಗಳು. ಅಚ್ಚಾದ ಲೇಖನ ಲೈಬ್ರರಿಯಲ್ಲಿ ಸಿಕ್ಕೀತು. ಕೈಕೊಟ್ಟ ಪ್ರಯೋಗದ ಟಿಪ್ಪಣಿ ಬೇರೆಲ್ಲೂ ಸಿಗುವುದಿಲ್ಲ. ಸರ್ಪಗಂಧದ ಹೆಸರು ಕಂಡರೆ ನಿಧಾನವಾಗಿ ಓದಿ. ಅದು ರಕ್ತದೊತ್ತಡ ಇಳಿಸುತ್ತದೆ ಎಂದು ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬರೆದರು. 1952ರಲ್ಲಿ ಅದರ ಬೇರಿನಿಂದ ರಕ್ತದೊತ್ತಡ ಇಳಿಸುವ ರೆಸರ್ಪಿನ್ ಎಂಬ ಅಂಶ ಬೇರ್ಪಟ್ಟಿತು. ನಮ್ಮ ಘಟ್ಟದಲ್ಲೂ ಬೆಳೆಯುವ ಗಿಡ ಅಲ್ವಾ!

ಮಲೆನಾಡಿನ ಥಂಡಿಯೇ ದೊಡ್ಡ ಶತ್ರು. ಮಳೆಗಾಲದಲ್ಲಿ ಟ್ರಂಕ್ ಬಿಚ್ಚಬೇಡಿ. ಬೇಸಿಗೆಯಲ್ಲಿ ತೆಗೆದು, ಬಿಸಿಲಿಗಲ್ಲ, ನೆರಳಿಗೆ ಹರಡಿ. ತುಕ್ಕು ಹಿಡಿದ ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಿರಿ. ಲ್ಯಾಮಿನೇಶನ್ ಬೇಡವೇ ಬೇಡ. ಅಜ್ಜ ಜೋಡಿಸಿಟ್ಟ ಕ್ರಮ ಕೆಡಿಸದೆ ಒಂದೊಂದೇ ಹಾಳೆಯ ಫೋಟೊ ತೆಗೆಯಿರಿ. ಆಮೇಲೆ ಅವರು ಕಲಿಸಿದ ಕಾಲೇಜಿನ ಲೈಬ್ರರಿಯಲ್ಲಿ ಕೇಳಿ ನೋಡಿ.